ಕಂಕುಳಲ್ಲೊಂದು ಕೈಯಲ್ಲೊಂದು: ಚಿಕ್ಕ ಮಕ್ಳ ಜೊತೆ ಹಂಪಿಗೆ ಹೋಗಿ ಬರೋದು ಹೇಗೆ

ಮನೇಲಿ ಎರಡು ವರ್ಷದ್ದೊಂದು, ಐದು ದಾಟಿದ್ದೊಂದು ಇಟ್ಕೊಂಡು ಹಂಪಿಗೆ ಹೊರಟಿದೀವಿ ಅಂದ್ರೆ ಸಾಕು, ಅಜ್ಜಿಯಿಂದ ಹಿಡಿದು ಪಕ್ಕದ್ಮನೆ ಆಂಟಿ ತನಕ ಎಲ್ರದ್ದೂ ಒಂದೇ ಮಾತು, "ಆ ಬಿಸ್ಲಲ್ಲಿ, ಆ ಕಲ್ಲಲ್ಲಿ ಕೂಸುಗಳನ್ನ ಕಟ್ಕೊಂಡು ಏನ್ ನೋಡ್ತೀರಾ, ದೊಡ್ಡವಾಗ್ಲಿ ಬಿಡ್ರಿ." ಅವ್ರು ಹೇಳೋದ್ರಲ್ಲಿ ಬಿಸ್ಲಿನ ವಿಷ್ಯ ನೂರಕ್ಕೆ ನೂರು ನಿಜ. ಆದ್ರೆ ಓಡಾಡಕ್ಕೆ ಹುಲ್ಲು, ಎಣಿಸಕ್ಕೆ ಗುಮ್ಮಟ, ನೋಡಕ್ಕೆ ಆನೆ, ಕೋತಿ, ದೋಣಿ, ಬಂಡೆ ಎಲ್ಲಾ ಒಂದೇ ಊರಲ್ಲಿ ಸಿಗೋ ಜಾಗ ಕರ್ನಾಟಕದಲ್ಲಿ ಎಷ್ಟಿದೆ ಹೇಳಿ. ನಾನು ಹೇಳೋದು ಇಷ್ಟೇ, ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರ ತನಕ ಹಂಪಿ ನಿಮ್ದಲ್ಲ ಅಂದ್ಕೊಂಬಿಡಿ, ಆ ಹೊತ್ತು ರೂಮು, ಫ್ಯಾನು, ಊಟ, ನಿದ್ದೆ. ಉಳಿದ ಪ್ಲಾನೆಲ್ಲಾ ಇದ್ರ ಸುತ್ತಾನೇ ಕಟ್ಟೋದು. ಇದೊಂದನ್ನ ಒಪ್ಕೊಳ್ಳಕ್ಕೆ ಆಗಲ್ಲ, ದುಡ್ಡು ಕೊಟ್ಟು ಹೋಗಿದೀವಿ ಎಲ್ಲಾ ನೋಡ್ಲೇಬೇಕು ಅನ್ನೋರು ಇನ್ನೊಂದೈದು ವರ್ಷ ಬಿಟ್ಟು ಹೋಗೋದು ವಾಸಿ.

ಮೊದಲು ತಿಂಗಳು ನೋಡಿ, ಆಮೇಲೆ ಟಿಕೆಟ್

ನವೆಂಬರಿಂದ ಫೆಬ್ರವರಿ ತನಕ ಆರಾಮು. ಮಾರ್ಚ್ ಕಳೀತಿದ್ದಂಗೆ ಬೇಡ, ಏಪ್ರಿಲ್ ಮೇ ತಿಂಗ್ಳಲ್ಲಿ ಆ ಕಡೆ 40 ಡಿಗ್ರಿ ಮಾಮೂಲಿ, ಸ್ಕೂಲಿಗೆ ರಜಾ ಸಿಕ್ಕಿದ್ದೇ ಆವಾಗ ಅನ್ನೋ ಒಂದೇ ಕಾರಣಕ್ಕೆ ಹೋಗೋರಿಗೆ ನಾನಂತೂ ಹೂಂ ಅನ್ನಲ್ಲ. ಡಿಸೆಂಬರ್ ಕೊನೇ ವಾರ, ಹಂಪಿ ಉತ್ಸವದ ದಿನಗಳು, ಲಾಂಗ್ ವೀಕೆಂಡು, ಇವೂ ಬೇಡ, ಜನ ಜಾತ್ರೆ ಇರುತ್ತೆ. ಸಾಧ್ಯ ಆದ್ರೆ ಮಂಗಳವಾರ, ಬುಧವಾರ ಥರ ವಾರದ ಮಧ್ಯ ಹೋಗಿ, ಸ್ಕೂಲಿಗೆ ಸೇರದೇ ಇರೋ ಮಕ್ಳಿದ್ರೆ ಅದೇ ದೊಡ್ಡ ಅನುಕೂಲ, ಬಳಸ್ಕೊಳ್ಳಿ.

ಬೆಂಗಳೂರಿಂದ ಕಾರಲ್ಲಿ ಹೋದ್ರೆ ತುಮಕೂರು, ಶಿರಾ, ಚಿತ್ರದುರ್ಗದ ಮೇಲೆ ಹೆಚ್ಚುಕಮ್ಮಿ 350 ಕಿಲೋಮೀಟರು, ದೊಡ್ಡೋರಿಗೆ ಆರೇಳು ಗಂಟೆ, ಮಕ್ಳಿದ್ರೆ ಸೂಸು, ವಾಂತಿ, ಹಸಿವು ಅಂತ ನಿಲ್ಲಿಸ್ತಾ ನಿಲ್ಲಿಸ್ತಾ ಒಂಬತ್ತು ಗಂಟೆ ಅಂತ ಇಟ್ಕೊಳ್ಳಿ. ಅದಕ್ಕೇ ನನ್ನ ವೋಟು ರಾತ್ರಿ ರೈಲಿಗೆ. ಮೈಸೂರಿಂದ ಬೆಂಗಳೂರು ಮೇಲೆ ಹುಬ್ಬಳ್ಳಿಗೆ ಹೋಗೋ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಬೆಳಿಗ್ಗೆ ಹೊಸಪೇಟೆಗೆ ತಂದು ಬಿಡುತ್ತೆ, ಮಕ್ಳು ಮಲಗಿರೋ ಹೊತ್ತಲ್ಲೇ ದಾರಿ ಮುಗ್ದೋಗುತ್ತೆ, ಇದಕ್ಕಿಂತ ಏನ್ ಬೇಕು. ಟೈಮಿಂಗ್ ಆಗಾಗ ಬದಲಾಗ್ತಿರುತ್ತೆ, ಬುಕ್ ಮಾಡೋವಾಗ ನೋಡ್ಕೊಳ್ಳಿ.

ಬುಕಿಂಗ್ ಈಗ 60 ದಿನ ಮುಂಚೆ ಓಪನ್ ಆಗುತ್ತೆ, 2024ರ ನವೆಂಬರಿಗೆ ಮುಂಚೆ 120 ದಿನ ಇತ್ತು, ಇನ್ನೂ ಅದೇ ಲೆಕ್ಕದಲ್ಲಿರೋ ಅಪ್ಪಂದಿರು ಸುಮಾರು ಜನ ಇದಾರೆ. ಮಕ್ಳ ಟಿಕೆಟ್ ಲೆಕ್ಕ ಹೀಗೆ: ಐದು ವರ್ಷ ತುಂಬದ ಮಗುಗೆ ಬರ್ತ್ ಬೇಡ ಅಂದ್ರೆ ಟಿಕೆಟ್ಟೇ ಬೇಡ, ಬರ್ತ್ ಬೇಕು ಅಂದ್ರೆ ಪೂರ್ತಿ ಚಾರ್ಜು. ಐದು ತುಂಬಿ ಹನ್ನೆರಡರ ಒಳಗಿದ್ರೆ ಬರ್ತ್ ಇಲ್ದೆ ಅರ್ಧ ಚಾರ್ಜು, ಬರ್ತ್ ಜೊತೆ ಪೂರ್ತಿ. ಅರ್ಧ ಟಿಕೆಟ್ ಮಾಡ್ಸಿ ಉಳಿಸೋಣ ಅನ್ನೋ ಆಸೆ ಬರುತ್ತೆ, ರಾತ್ರಿ ಪ್ರಯಾಣಕ್ಕೆ ಮಾಡ್ಬೇಡಿ. ಆರು ವರ್ಷದ ಮಗು ಪಕ್ಕ ಮಲಗಿದ್ರೆ ನಿಮ್ಗೂ ನಿದ್ದೆ ಇಲ್ಲ ಅದಕ್ಕೂ ಇಲ್ಲ, ಬೆಳಿಗ್ಗೆ ಹೊಸಪೇಟೆ ಪ್ಲಾಟ್‌ಫಾರ್ಮಲ್ಲಿ ಎಲ್ರೂ ಒಬ್ರಿಗೊಬ್ರು ಸಿಡುಕ್ತಾ ಇರ್ತೀರ. ಚಿಕ್ಕದನ್ನ ಬುಕಿಂಗಲ್ಲಿ ಬರ್ತ್ ಇಲ್ಲದ ಶಿಶು ಅಂತ ಸೇರಿಸ್ಬಿಡಿ, ಆಧಾರೋ ಬರ್ತ್ ಸರ್ಟಿಫಿಕೇಟ್ ಫೋಟೋನೋ ಮೊಬೈಲಲ್ಲಿ ಇರ್ಲಿ, ಐದರ ಅಂಚಲ್ಲಿರೋ ಮಗು ನೋಡಿದ್ರೆ ಟಿಸಿ ಕೇಳೇ ಕೇಳ್ತಾರೆ.

ಲೋವರ್ ಬರ್ತ್ ಒಂದಾದ್ರೂ ಬೇಕು. ಅಜ್ಜಿ ಜೊತೆಗೆ ಬಂದ್ರೆ ಅವ್ರ ವಯಸ್ಸಿನ ಮೇಲೆ ಲೋವರ್ ಸಿಗೋ ಚಾನ್ಸ್ ಜಾಸ್ತಿ, ಗರ್ಭಿಣಿಯರಿಗೂ, 45 ದಾಟಿದ ಹೆಂಗಸ್ರಿಗೂ ಆ ಕೋಟಾ ಇದೆ.

ಬ್ಯಾಗು

ದೊಡ್ಡ ಸೂಟ್‌ಕೇಸ್ ಒಂದು, ಬೆನ್ನಿಗೆ ಹಾಕೋ ಬ್ಯಾಗು ಒಂದು, ಅಷ್ಟೇ. ಸೂಟ್‌ಕೇಸು ಸೀಟ್ ಕೆಳಗೆ ಹೋದ್ರೆ ಬೆಳಿಗ್ಗೆ ತನಕ ಹೊರಗೆ ತೆಗೆಯೋ ಹಂಗಿಲ್ಲ, ರಾತ್ರಿಗೆ ಬೇಕಾಗಿರೋದೆಲ್ಲಾ ಬೆನ್ನಿನ ಬ್ಯಾಗಲ್ಲೇ ಇರ್ಬೇಕು. ಒಂದೊಂದು ಮಗುಗೆ ಒಂದು ಜೊತೆ ಬಟ್ಟೆ, ಡಯಾಪರ್, ವೆಟ್ ವೈಪ್ಸು, ಹಳೇ ಕಾಟನ್ ಪಂಚೆ ತುಂಡು ಒಂದೆರಡು, ಖಾಲಿ ಪ್ಲಾಸ್ಟಿಕ್ ಕವರ್ ನಾಕೈದು. ಈ ಕವರುಗಳನ್ನ ಯಾರೂ ನೆನಪಿಟ್ಕೊಳ್ಳಲ್ಲ, ವಾಂತಿ ಆದಾಗ, ಡಯಾಪರ್ ಸುತ್ತಿ ಇಡಕ್ಕೆ, ಒದ್ದೆ ಬಟ್ಟೆಗೆ, ಎಲ್ಲದಕ್ಕೂ ಅದೇ ಬೇಕು.

ಸ್ಟ್ರೋಲರ್ ಮನೇಲೇ ಬಿಟ್ಟು ಬನ್ನಿ. ಹಂಪೀಲಿ ನೆಲ ಅನ್ನೋದೇ ಮಣ್ಣು, ಜಲ್ಲಿ, ಏರುಪೇರು ಚಪ್ಪಡಿ, ಮೆಟ್ಲು, ಚಕ್ರ ಉರುಳೋ ಜಾಗ ಕಾಲು ಭಾಗನೂ ಇಲ್ಲ, ಕೊನೇಗೆ ಸ್ಟ್ರೋಲರನ್ನ ಒಬ್ರು ಮಗುನ ಒಬ್ರು ಎತ್ಕೊಂಡು ಓಡಾಡ್ಬೇಕಾಗುತ್ತೆ. ಎದೆಗೋ ಬೆನ್ನಿಗೋ ಕಟ್ಕೊಳ್ಳೋ ಬೇಬಿ ಕ್ಯಾರಿಯರ್ ಇದ್ರೆ ತಗೊಳ್ಳಿ, ಇಲ್ದಿದ್ರೆ ಅಮ್ಮನ ಕಾಟನ್ ಸೀರೆ, ನಮ್ಮ ಅಜ್ಜಿಯರು ಅದ್ರಲ್ಲೇ ಸಾಕಿದ್ರಲ್ಲ.

ಇನ್ನೊಂದು ವಸ್ತು, ಯಾವ ಲಿಸ್ಟಲ್ಲೂ ಇರಲ್ಲ: ದಪ್ಪ ಸಾಕ್ಸು, ಎಲ್ರಿಗೂ ಒಂದೊಂದು ಜೊತೆ. ವಿರೂಪಾಕ್ಷ ದೇವಸ್ಥಾನಕ್ಕೆ ಚಪ್ಪಲಿ ಬಿಟ್ಟೇ ಹೋಗ್ಬೇಕು, ಒಳಗೆ ದೊಡ್ಡ ಕಲ್ಲಿನ ಅಂಗಳ, ಹತ್ತೂವರೆ ಆಗ್ತಿದ್ದಂಗೆ ಅದು ದೋಸೆ ಹಂಚು. ಹೊಸಪೇಟೆ ಆಟೋ ಅಣ್ಣ ಒಬ್ರು ದಾರೀಲೇ ಹೇಳಿದ್ರು, "ಅಕ್ಕಾರ, ಕೂಸಿನ ಕಾಲಿಗೆ ಏನಾರ ಹಾಕ್ರಿ, ಕಲ್ಲು ಸುಡತೈತಿ, ಆಮ್ಯಾಲ ಎತ್ಕೊಂಡ ತಿರಗಬೇಕಾಗತೈತಿ ನೋಡ್ರಿ." ಅವತ್ತು ಅಂಗಳದಲ್ಲಿ ಬರಿಗಾಲಲ್ಲಿ ಕುಣೀತಾ ಅಳ್ತಿದ್ದ ಮಕ್ಳನ್ನ ನೋಡಿದ್ಮೇಲೆ ಆ ಅಣ್ಣನಿಗೆ ಮನಸ್ಸಲ್ಲೇ ಕೈ ಮುಗಿದೆ.

ಔಷಧಿ ವಿಷ್ಯಕ್ಕೆ ಹೊರಡೋಕೆ ಮುಂಚೆ ನಿಮ್ಮ ಮಕ್ಳ ಡಾಕ್ಟ್ರ ಹತ್ರ ಒಂದು ಮಾತು ಕೇಳಿ, ಜ್ವರದ ಸಿರಪ್ಪು ಎಷ್ಟು ಎಂಎಲ್ ಅಂತ ತೂಕದ ಮೇಲೆ ಬರೆಸ್ಕೊಳ್ಳಿ, ಅಣ್ಣನಿಗೆ ಕೊಟ್ಟಷ್ಟೇ ತಮ್ಮನಿಗೂ ಅಂತ ಅಂದಾಜಲ್ಲಿ ಕೊಡ್ಬೇಡಿ. ಓಆರ್‌ಎಸ್ ಪುಡಿ ನಾಲ್ಕು ಪ್ಯಾಕೆಟ್ ಇರ್ಲಿ. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ, ಅರ್ಧ ಪುಡಿ ಅರ್ಧ ಲೋಟ ಅಂತ ಕಣ್ಣಳತೆ ಬೇಡ, 24 ಗಂಟೆ ಆದ್ಮೇಲೆ ಉಳಿದಿದ್ದು ಚೆಲ್ಲಿಬಿಡಿ. ಟೆಟ್ರಾ ಪ್ಯಾಕಲ್ಲಿ ಬರೋ ಬಣ್ಣದ ಜ್ಯೂಸುಗಳೆಲ್ಲಾ ಓಆರ್‌ಎಸ್ ಅಲ್ಲ, ಪ್ಯಾಕ್ ಮೇಲೆ ಓದಿ ತಗೊಳ್ಳಿ.

ರೈಲಲ್ಲಿ ರಾತ್ರಿ

ಊಟ ಮನೇಲೇ ಮುಗಿಸ್ಕೊಂಡು, ನೈಟ್ ಡ್ರೆಸ್ ಹಾಕ್ಸೇ ಸ್ಟೇಷನ್‌ಗೆ ಕರ್ಕೊಂಡು ಬನ್ನಿ. ರೈಲು ಹತ್ತಿದ್ಮೇಲೆ ಮಕ್ಳಿಗೆ ಹುಚ್ಚು ಖುಷಿ, ಏಣಿ ಹತ್ತೋದು ಇಳಿಯೋದು ಲೈಟ್ ಹಾಕೋದು ಆರ್ಸೋದು, ಒಂದರ್ಧ ಗಂಟೆ ಬಿಟ್ಬಿಡಿ, ಆಮೇಲೆ ಲೈಟ್ ಆರಿಸಿ. ಎದುರಿನವರು ಮುಖ ಸಿಂಡರಿಸಿದ್ರೆ ಒಂದು ನಗು, ಒಂದು ಕೋಡುಬಳೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಮಲಗೋ ಹೊತ್ತು ಅಂತ ರೈಲ್ವೆ ನಿಯಮನೇ ಇದೆ, ಮಿಡಲ್ ಬರ್ತ್ ಎತ್ತಕ್ಕೆ ಯಾರೂ ಅಡ್ಡಿ ಮಾಡೋ ಹಂಗಿಲ್ಲ.

ಲೋವರ್ ಬರ್ತಲ್ಲಿ ಚಿಕ್ಕದು ಗೋಡೆ ಕಡೆ, ಅಮ್ಮ ಅಂಚಿಗೆ. ದೊಡ್ಡ ಮಗುನ ಮಿಡಲ್‌ಗೆ ಹಾಕ್ಬೇಡಿ ಅಪ್ಪರ್‌ಗಂತೂ ಬೇಡವೇ ಬೇಡ, ಎಷ್ಟೇ ಹಠ ಮಾಡ್ಲಿ, ಇನ್ನೊಂದು ಲೋವರ್ ಯಾರತ್ರಾದ್ರೂ ಕೇಳಿ ಬದಲಾಯಿಸ್ಕೊಳ್ಳಿ, ಚಿಕ್ಕ ಮಕ್ಳನ್ನ ನೋಡಿದ್ರೆ ಸುಮಾರು ಜನ ಒಪ್ತಾರೆ. ಎಸೀಲಿ ಬೆಳಗಿನ ಜಾವ ಚಳಿ ಜೋರು, ಸ್ವೆಟರ್ ಕೈಗೆ ಸಿಗೋ ಹಾಗಿರ್ಲಿ.

ಹಾಲಿಗೆ, ರಾಗಿ ಸರಿಗೆ ಬಿಸಿನೀರು ಫ್ಲಾಸ್ಕಲ್ಲಿ ಮನೆಯಿಂದಾನೇ ತನ್ನಿ. ಕೋಚಿನ ಪ್ಲಗ್ಗಿಗೆ ಎಲೆಕ್ಟ್ರಿಕ್ ಕೆಟಲ್ ಹಾಕೋದು ಕಾನೂನಿನ ಪ್ರಕಾರ ತಪ್ಪು, ಬೆಂಕಿ ಅಪಾಯನೂ ಇದೆ. ರೈಲಲ್ಲಿ ಏನಾದ್ರೂ ತೊಂದ್ರೆ ಆದ್ರೆ, ಮಗುಗೆ ಹುಷಾರು ತಪ್ಪಿದ್ರೂ ಸರಿ, 139ಕ್ಕೆ ಫೋನ್ ಮಾಡಿ.

ಕಾರಲ್ಲೇ ಹೋಗೋರಿಗೆ ಎರಡೇ ಮಾತು. ಹದಿನಾಲ್ಕು ವರ್ಷದ ಒಳಗಿನ ಮಕ್ಳಿಗೆ ಬೆಲ್ಟೋ ಚೈಲ್ಡ್ ಸೀಟೋ ಇಲ್ಲದಿದ್ರೆ ಸಾವಿರ ರೂಪಾಯಿ ದಂಡ ಅಂತ 2019ರ ತಿದ್ದುಪಡಿಲಿ ಬಂದಿದೆ, ದಂಡ ಹಾಳಾಗ್ಲಿ, ಮುಂದಿನ ಸೀಟಲ್ಲಿ ಅಪ್ಪನ ತೊಡೆ ಮೇಲೆ ಮಗು ಕೂರಿಸ್ಕೊಂಡಾಗ ಏರ್‌ಬ್ಯಾಗ್ ಬಿಚ್ಕೊಂಡ್ರೆ ಏನಾಗುತ್ತೆ ಯೋಚ್ನೆ ಮಾಡಿ. ವಾಂತಿ ಬರೋ ಮಕ್ಳಿಗೆ ಹೊರಡೋಕೆ ಮುಂಚೆ ಹೊಟ್ಟೆ ತುಂಬ ಹಾಲು ಬೇಡ, ಮೊಬೈಲಂತೂ ಬೇಡ, ದೂರದ ಗುಡ್ಡ ನೋಡು, ಗಾಳಿಯಂತ್ರ ಎಣಿಸು ಅನ್ನಿ, ಚಿತ್ರದುರ್ಗದ ಸುತ್ತ ಬೇಕಾದಷ್ಟು ಸಿಗ್ತವೆ.

ಎಲ್ಲಿ ಉಳ್ಕೊಳ್ಳೋದು

ಹೊಸಪೇಟೆ ಸ್ಟೇಷನ್ನಿಂದ ಹಂಪಿ ಹದಿಮೂರು ಕಿಲೋಮೀಟರು. ಚಿಕ್ಕ ಕೂಸಿದ್ರೆ ಹೊಸಪೇಟೆ ಇಲ್ಲಾ ಕಮಲಾಪುರ, ಎರಡ್ರಲ್ಲೊಂದು. ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆ ಕೇಂದ್ರ, ಮಕ್ಳ ಡಾಕ್ಟ್ರು, ರಾತ್ರಿ ತೆಗೆದಿರೋ ಮೆಡಿಕಲ್ ಶಾಪು, ಬಿಸಿ ಇಡ್ಲಿ ಎಲ್ಲಾ ಹತ್ರದಲ್ಲೇ. ಕಮಲಾಪುರದಲ್ಲಿ ಸರ್ಕಾರದ ಮಯೂರ ಭುವನೇಶ್ವರಿ ಇದೆ, ಸ್ಮಾರಕಗಳು ಅಲ್ಲಿಂದ ತೀರಾ ಹತ್ರ, ಮಧ್ಯಾಹ್ನ ರೂಮಿಗೆ ವಾಪಸ್ ಬಂದು ಹೋಗೋ ನಮ್ಮ ಪ್ಲಾನಿಗೆ ಇದೇ ಸರಿ. ನದಿ ಆಚೆ ಆನೆಗೊಂದಿ, ಸಾಣಾಪುರ ಕಡೆ ಗದ್ದೆ ಮಧ್ಯದ ರೂಮುಗಳು ಫೋಟೋಲಿ ನೋಡಕ್ಕೆ ಚಂದ, ಮಕ್ಳ ಜೊತೆ ಓಡಾಟಕ್ಕೆ ಸುತ್ತು ಜಾಸ್ತಿ.

ರೈಲು ಬೆಳಿಗ್ಗೆ ಬರುತ್ತೆ, ರೂಮು ಕೊಡೋದು ಮಧ್ಯಾಹ್ನ. ಈ ಸಂದೀಲೇ ಅರ್ಧ ಜನದ ಟ್ರಿಪ್ ಕೆಡೋದು. ಬುಕ್ ಮಾಡೋವಾಗ್ಲೇ ಫೋನ್ ಮಾಡಿ, ಚಿಕ್ಕ ಮಕ್ಳಿದಾರೆ ಬೆಳಿಗ್ಗೆ ಏಳೂವರೆಗೆ ರೂಮ್ ಬೇಕು ಅಂತ ಮಾತಾಡಿ ಇಟ್ಕೊಳ್ಳಿ, ಸ್ವಲ್ಪ ಜಾಸ್ತಿ ಕೇಳಿದ್ರೂ ಕೊಟ್ಬಿಡಿ.

ಒಂದು ಹೊತ್ತಿಗೆ ಒಂದೇ ಜಾಗ

ಮೊದಲ ದಿನ ಬೆಳಿಗ್ಗೆ ಎಲ್ಲಿಗೂ ಹೋಗ್ಬೇಡಿ. ಸ್ನಾನ, ತಿಂಡಿ, ನಿದ್ದೆ. ಸಂಜೆ ನಾಲ್ಕಕ್ಕೆ ಕಮಲ ಮಹಲ್, ಗಜಶಾಲೆ ಕಡೆ. ಮಕ್ಳಿಗೆ ಹಂಪೀಲಿ ನನ್ನ ಪ್ರಕಾರ ಇದೇ ನಂಬರ್ ಒನ್, ಸುತ್ತ ಗೋಡೆ ಇದೆ, ಒಳಗೆ ಹುಲ್ಲುಹಾಸು, ಗಾಡಿ ಇಲ್ಲ, ಬಿಟ್ಬಿಟ್ರೆ ಓಡ್ತಾನೇ ಇರ್ತವೆ. ಗಜಶಾಲೆ ಮುಂದೆ ನಿಲ್ಸಿ ಎಷ್ಟು ಮನೆ ಇದೆ ಎಣಿಸು ಅನ್ನಿ, ಹನ್ನೊಂದಿದೆ, ಮೇಲಿನ ಗುಮ್ಮಟಗಳಲ್ಲಿ ಯಾವುದು ಯಾವ ಥರ ಅಂತ ಕೇಳಿ, ಐದು ವರ್ಷದ್ದು ಅರ್ಧ ಗಂಟೆ ಅಲ್ಲೇ ಇರುತ್ತೆ. ಹದಿನೈದು ವರ್ಷದ ಒಳಗಿನವರಿಗೆ ಟಿಕೆಟ್ ಇಲ್ಲ. ದೊಡ್ಡೋರ ಟಿಕೆಟ್ ಅದೇ ದಿನ ವಿಠ್ಠಲ ದೇವಸ್ಥಾನಕ್ಕೂ ನಡೆಯುತ್ತೆ, ಆದ್ರೆ ಆ ಒಂದು ಟಿಕೆಟ್ ಉಳಿಸಕ್ಕೆ ಅಂತ ಎರಡನ್ನೂ ಒಂದೇ ಹೊತ್ತಿಗೆ ತುರುಕ್ಬೇಡಿ. ಅಲ್ಲಿಂದ ಹತ್ರದಲ್ಲೇ ಹಜಾರರಾಮ ದೇವಸ್ಥಾನ, ಗೋಡೆ ತುಂಬ ರಾಮಾಯಣ ಕೆತ್ತಿದಾರೆ, ರಾತ್ರಿ ಕಥೆ ಕೇಳಿ ಮಲಗೋ ಮಕ್ಳಿದ್ರೆ ಜಿಂಕೆ ಎಲ್ಲಿದೆ, ಹನುಮಂತ ಎಲ್ಲಿದಾನೆ ಹುಡುಕು ಅಂತ ಬಿಡಿ.

ಎರಡನೇ ದಿನ ಬೆಳಿಗ್ಗೆ ವಿಠ್ಠಲ ದೇವಸ್ಥಾನ, ಬಾಗ್ಲು ತೆಗೆಯೋ ಹೊತ್ತಿಗೇ ಅಲ್ಲಿರಿ. ಗಾಡಿ ನಿಲ್ಸೋ ಜಾಗದಿಂದ ದೇವಸ್ಥಾನಕ್ಕೆ ಸುಮಾರು ಒಂದು ಕಿಲೋಮೀಟರು, ಬ್ಯಾಟರಿ ಗಾಡಿ ಇದೆ, ಮಕ್ಳಿಗೆ ದೇವಸ್ಥಾನಕ್ಕಿಂತ ಆ ಗಾಡೀನೇ ಇಷ್ಟ ಆಗೋದು, ಹೊತ್ತು ಏರಿದಂಗೆ ಕ್ಯೂ ಬೆಳೆಯುತ್ತೆ. ಹೊರಡೋಕೆ ಮುಂಚೆ ಹೊಸ ಐವತ್ತು ರೂಪಾಯಿ ನೋಟೊಂದು ಜೇಬಲ್ಲಿ ಇಟ್ಕೊಳ್ಳಿ, ನೀಲಿದು, ಹಿಂದುಗಡೆ ಕಲ್ಲಿನ ರಥದ ಚಿತ್ರ ಇದೆಯಲ್ಲ ಅದು. ನೋಟನ್ನ ದೊಡ್ಡ ಮಗು ಕೈಗೆ ಕೊಟ್ಟು "ಇದು ಎಲ್ಲಿದೆ ಹುಡುಕು ಪುಟ್ಟಾ" ಅಂದ್ರೆ ಸಾಕು, ಅಂಗಳಕ್ಕೆ ಕಾಲಿಟ್ಟ ತಕ್ಷಣ ನೋಟು ಮೇಲೆತ್ತಿ ಹಿಡ್ಕೊಂಡು ಓಡುತ್ತೆ, ಚಕ್ರ ಎಷ್ಟು, ಆನೆ ಎಷ್ಟು ಅಂತ ಹೋಲಿಸಿ ನೋಡುತ್ತೆ. ರಥ ಹತ್ತೋ ಹಂಗಿಲ್ಲ, ಸಂಗೀತದ ಕಂಬ ಬಡಿಯೋ ಹಂಗೂ ಇಲ್ಲ, ಇದನ್ನ ಮುಂಚೇನೇ ಹೇಳಿ ಕರ್ಕೊಂಡು ಹೋಗಿ, ಗಾರ್ಡ್ ಸೀಟಿ ಊದಿದ್ರೆ ಮಗು ಹೆದರ್ಕೊಳ್ಳುತ್ತೆ. ಹತ್ತೂವರೆಗೆ ವಾಪಸ್.

ಅವತ್ತು ಸಂಜೆಗೆ ಕಮಲಾಪುರದ ಝೂ ಇಲ್ಲಾ ತುಂಗಭದ್ರಾ ಡ್ಯಾಮು, ಮಕ್ಳ ಮೂಡ್ ನೋಡ್ಕೊಂಡು. ಝೂಗೆ ವಾರದ ರಜಾ ಯಾವಾಗ ಅಂತ ರೂಮಿನವರತ್ರ ಕೇಳ್ಕೊಳ್ಳಿ. ದರೋಜಿ ಕರಡಿಧಾಮ ತುಂಬ ಚೆನ್ನಾಗಿದೆ, ಸಂಜೆ ಹೊತ್ತಿಗೆ ಬಂಡೆಗಳ ಮಧ್ಯದಿಂದ ಕರಡಿಗಳು ಇಳಿದು ಬರೋದನ್ನ ವಾಚ್ ಟವರಿಂದ ನೋಡ್ಬೋದು, ಆದ್ರೆ ಪಿಸುಮಾತಲ್ಲಿ ಕೂರ್ಬೇಕು. ಎರಡು ವರ್ಷದ್ದಕ್ಕೆ ಪಿಸುಮಾತು ಹೇಳ್ಕೊಡೋ ಧೈರ್ಯ ಇದ್ರೆ ಹೋಗಿ.

ಮೂರನೇ ದಿನ ಬೆಳಿಗ್ಗೆ ಬೇಗ ವಿರೂಪಾಕ್ಷ. ದೇವಸ್ಥಾನದ ಆನೆ ಲಕ್ಷ್ಮಿನ ಬೆಳಿಗ್ಗೆ ನದಿಗೆ ಸ್ನಾನಕ್ಕೆ ಕರ್ಕೊಂಡು ಹೋಗ್ತಾರೆ, ಸಿಕ್ಕಿದ್ರೆ ಮಕ್ಳ ಪುಣ್ಯ, ದೂರದಿಂದಾನೇ ನೋಡಿ. ಒಳಗೆ ಕತ್ತಲೆ ಕೋಣೆ ಗೋಡೆ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬೀಳೋದನ್ನ ತಪ್ಪಿಸ್ಬೇಡಿ, ಸಣ್ಣ ಕಿಂಡೀಲಿ ಬೆಳಕು ಬಂದು ತಿರುಗಿ ಬೀಳುತ್ತೆ ಅನ್ನೋದನ್ನ ವಿವರಿಸಕ್ಕೆ ಹೋಗ್ಬೇಡಿ, "ಗೋಪುರ ಶೀರ್ಷಾಸನ ಹಾಕಿದೆ" ಅಂದ್ರೆ ಸಾಕು.

ಕೋತಿಗಳು ಇಲ್ಲಿ ಮಾಲೀಕರು. ಮಗು ಕೈಯಲ್ಲಿ ಬಾಳೆಹಣ್ಣು, ಬಿಸ್ಕತ್ತು, ಸರಸರ ಅನ್ನೋ ಪ್ಲಾಸ್ಟಿಕ್ ಕವರು ಏನೂ ಇರ್ಬಾರ್ದು, ಮಗುನ ಎತ್ತರಕ್ಕೇ ಅವು ಕೂತಿರ್ತವೆ. ಕಚ್ಚಿದ್ರೆ ಪರಚಿದ್ರೆ ಅರಿಶಿನ ಹಚ್ಚಿ ಸುಮ್ನೆ ಕೂರ್ಬೇಡಿ, ಹದಿನೈದು ನಿಮಿಷ ಸೋಪು ನೀರಲ್ಲಿ ತೊಳೆದು ಸೀದಾ ಆಸ್ಪತ್ರೆ, ರೇಬೀಸ್ ಇಂಜೆಕ್ಷನ್.

ಬಿಟ್ಬಿಡಬೇಕಾದ್ದು

ಅಂಜನಾದ್ರಿ ಬೆಟ್ಟ, 575 ಮೆಟ್ಲು. ಹತ್ತೋವಾಗ ಮಗು ಮೂವತ್ತನೇ ಮೆಟ್ಲಿಗೇ "ಅಪ್ಪಾ ಎತ್ಕೋ" ಅನ್ನುತ್ತೆ, ಉಳಿದ 545 ನಿಮ್ಮ ಮಂಡಿ ಲೆಕ್ಕ. ತೆಪ್ಪ ನನಗೂ ಆಸೆ, ಆದ್ರೆ ಮಗುವಿನ ಸೈಜಿನ ಲೈಫ್ ಜಾಕೆಟ್ ಕಣ್ಣಾರೆ ನೋಡಿ, ಹಾಕ್ಸಿ, ಬಿಗಿ ಮಾಡಿ ಆಮೇಲೇ ಹತ್ತೋದು, ದೊಡ್ಡೋರದ್ದನ್ನ ತಲೆ ಮೇಲಿಂದ ತೂರಿಸಿದ್ರೆ ನೀರಿಗೆ ಬಿದ್ದಾಗ ಅದೊಂದು ಕಡೆ ಮಗು ಒಂದು ಕಡೆ. ಸೈಜ್ ಇಲ್ಲ ಅಂದ್ರೆ ದಡದಲ್ಲಿ ನಿಂತು ಬೇರೆಯವರಿಗೆ ಟಾಟಾ ಮಾಡ್ಸಿ. ತುಂಗಭದ್ರೇಲಿ ಸುಳಿನೂ ಇದೆ ಮೊಸಳೆನೂ ಇದೆ, ಕಾಲು ತೊಳೆಸೋ ನೆಪದಲ್ಲೂ ಮಕ್ಳನ್ನ ನೀರಿಗೆ ಇಳಿಸ್ಬೇಡಿ. ಮಹಾನವಮಿ ದಿಬ್ಬದ ಮೇಲಕ್ಕೆ ಹತ್ತದೇ ಕೆಳಗೇ ಸುತ್ತು ಹೊಡೆದ್ರೂ ಆನೆ, ಕುದುರೆ, ಒಂಟೆ ಕೆತ್ತನೆ ಎಲ್ಲಾ ಮಗು ಕಣ್ಣಿನ ಮಟ್ಟಕ್ಕೇ ಸಿಗುತ್ತೆ.

ಊಟ, ಮತ್ತೆ ಕಳ್ದೋದ್ರೆ

ಆ ಕಡೆ ಊಟ ಖಾರ. ಒಗ್ಗರಣೆ ಮಂಡಕ್ಕಿ, ಮಿರ್ಚಿ ನಿಮ್ಗೆ, ಮಕ್ಳಿಗೆ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಬಿಸಿ ಅನ್ನ ಮೊಸ್ರು ಕೇಳಿ ಮಾಡಿಸ್ಕೊಳ್ಳಿ, "ಕೂಸಿಗೆ ಖಾರ ಬ್ಯಾಡ್ರಿ" ಅಂದ್ರೆ ಬೇಸರ ಮಾಡದೆ ಮಾಡಿಕೊಡ್ತಾರೆ. ಮನೆಯಿಂದ ರಾಗಿ ಹುರಿಹಿಟ್ಟು, ತೆಳು ಅವಲಕ್ಕಿ, ಬೆಲ್ಲದ ಪುಡಿ ತಂದಿದ್ರೆ ಬಿಸಿನೀರಿದ್ದ ಕಡೆ ಊಟ ರೆಡಿ. ಕಮಲಾಪುರದ ಸುತ್ತ ಬಾಳೆ ತೋಟಗಳೇ ಇರೋದು, ಹಣ್ಣಿಗೇನು ಬರ ಇಲ್ಲ, ರೂಮಲ್ಲೇ ತಿನ್ಸಿ ಹೊರಡಿ.

ದಿನಾ ಬೆಳಿಗ್ಗೆ ಹೊರಡೋಕೆ ಮುಂಚೆ ಮಕ್ಳದ್ದು ಅವತ್ತಿನ ಬಟ್ಟೇಲಿ ಒಂದು ಫೋಟೋ ತೆಗೀರಿ, ಮುಂಗೈ ಮೇಲೆ ಪೆನ್ನಲ್ಲಿ ನಿಮ್ಮ ನಂಬರ್ ಬರೀರಿ. ಬಟ್ಟೆ ಕಣ್ಣಿಗೆ ಹೊಡೆಯೋ ಬಣ್ಣದ್ದಿರ್ಲಿ, ಆ ಬಂಡೆ ಬಣ್ಣದಲ್ಲಿ ಕಂದು ಬಟ್ಟೆ ಹಾಕಿದ ಮಗು ಹುಡುಕೋದು ಕಷ್ಟ. ಕಾಣದೇ ಹೋದ್ರೆ ಒಬ್ರು ಅಲ್ಲೇ ನಿಂತಿರಿ, ಒಬ್ರು ಹುಡುಕಿ, ಗಾರ್ಡಿಗೆ ಹೇಳಿ, 112ಕ್ಕೆ ಫೋನ್ ಮಾಡೋಕೆ ಹತ್ತು ನಿಮಿಷ ಕಾಯ್ಬೇಡಿ. ಮಕ್ಳ ಸಹಾಯವಾಣಿ 1098, ಆಂಬುಲೆನ್ಸ್ 108.

ವಾಪಸ್

ರೈಲು ರಾತ್ರಿ, ರೂಮ್ ಖಾಲಿ ಮಾಡೋದು ಬೆಳಿಗ್ಗೆ ಅಥವಾ ಮಧ್ಯಾಹ್ನ. ಲಗೇಜ್ ಕ್ಲೋಕ್ ರೂಮಲ್ಲಿಟ್ಟು ದಿನಾ ಪೂರ್ತಿ ಬೀದೀಲಿ ಕಳೀತೀವಿ ಅನ್ನೋದು ಬ್ಯಾಚುಲರ್ ಲೆಕ್ಕ, ಅರ್ಧ ದಿನದ ಬಾಡಿಗೆ ಕೊಟ್ಟು ರೂಮನ್ನ ಸಂಜೆ ತನಕ ಇಟ್ಕೊಳ್ಳಿ. ಏಳೂವರೆಗೆ ಊಟ ಮಾಡ್ಸಿ, ಮೈ ಒರೆಸಿ, ನೈಟ್ ಡ್ರೆಸ್ ಹಾಕ್ಸಿ ಸ್ಟೇಷನ್‌ಗೆ ಬನ್ನಿ. ಬೆಂಗಳೂರು ಬರೋಕೆ ಮುಕ್ಕಾಲು ಗಂಟೆ ಮುಂಚೆಗೆ ಅಲಾರಾಂ ಇಡಿ, ಮೊದ್ಲು ಬ್ಯಾಗು, ಬಾಟ್ಲು, ಚಪ್ಪಲಿ ಎಲ್ಲಾ ಎಣಿಸಿ ಬಾಗ್ಲ ಹತ್ರ ಇಟ್ಕೊಳ್ಳಿ, ಮಕ್ಳನ್ನ ಎಬ್ಬಿಸೋದು ಕೊನೇಗೆ.